ತೇಪೆ ಅವಮಾನವಲ್ಲ, ಪುಟ್ಟಿ ಮೋಸ

ಹೊಳೆಯುವ ಹಳೆ ಕಾರು ಕಂಡರೆ ನಮಗೀಗ ಭಯ. ತುಕ್ಕು ಹಿಡಿದ ಹಳೆ ಕಾರು ಕಂಡರೆ ಅಷ್ಟು ಭಯವಿಲ್ಲ. ತುಕ್ಕು ಕಣ್ಣಿಗೆ ಕಂಡರೆ ಎಷ್ಟು ತಿಂದಿದೆ ಎಂದು ಬೆರಳಿಟ್ಟು ನೋಡಬಹುದು, ಅದಕ್ಕೆ ತಕ್ಕ ರೇಟು ಕೇಳಬಹುದು. ಹೊಸ ಬಣ್ಣದ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು?

ಇದನ್ನು ಬರೆಯಲು ಕಾರಣ ನಮ್ಮೂರಿನ ಒಂದು ಓಮ್ನಿ.

ಕೋಲಾರ ಜಿಲ್ಲೆಯ ನಮ್ಮೂರಲ್ಲಿ ಟೊಮೆಟೊ ಬೆಳೆಯುವ ಅಣ್ಣ ಒಬ್ಬರಿದ್ದಾರೆ. ಮನೆಯಲ್ಲಿ ಎರಡು ಸೀಮೆಹಸು, ಡೇರಿಗೆ ಹಾಲು ಹಾಕುತ್ತಾರೆ. ಯುಗಾದಿ ಕಳೆದ ಮೇಲೆ ಬೆಂಗಳೂರಿನಿಂದ ಓಮ್ನಿ ತಂದರು. 2011ರ ಮಾಡೆಲ್, ಕೆಎ 03 ನಂಬರು, ಬಿಳಿ ಬಣ್ಣ, ಮದುವೆ ಗಾಡಿ ಥರ ಥಳಥಳ. ದುಡ್ಡಿನಲ್ಲಿ ಅರ್ಧ, ಅತ್ತಿಗೆ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ. ಇಡೀ ಬೀದಿ ಬಂದು ನೋಡಿತು. ನಾವೂ ನೋಡಿದೆವು. ಬಾನೆಟ್ ಎತ್ತಿದೆವು, ಸ್ಟಾರ್ಟ್ ಮಾಡಿದೆವು, ಟೈರು ಒದ್ದೆವು. ಬಾಗಿಲಿನ ಕೆಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಮುಂಗಾರು ಬಿತ್ತು. ಡ್ರೈವರ್ ಬದಿ ಬಾಗಿಲಿನ ಕೆಳಗಡೆ ಕಡಲೆಕಾಳಿನಷ್ಟು ಗುಳ್ಳೆ ಎದ್ದವು. ಗೌರಿ ಹಬ್ಬದ ಹೊತ್ತಿಗೆ ಗುಳ್ಳೆ ಒಡೆದು ಕಂದು ನೀರು ಸೋರಿತು. ಆಯುಧಪೂಜೆಗೆ ಗಾಡಿ ತೊಳೆಯುವಾಗ ಅಣ್ಣನ ಮಗನ ಹೆಬ್ಬೆರಳು ಬಾಗಿಲೊಳಗೆ ಇಳಿಯಿತು. ಸಂಘದ ಕಂತು ಮಾತ್ರ ವಾರ ವಾರ ತಪ್ಪದೆ ಬರುತ್ತಿತ್ತು.

ಮಾರಿದವನ ಫೋನು ಸ್ವಿಚ್ ಆಫ್. ಹತ್ತಿರದ ಗ್ಯಾರೇಜಿನಲ್ಲಿ ಕೇಳಿದರೆ, “ಏನಿಲ್ಲಣ್ಣ, ಇನ್ನೊಂದು ಸಲ ಪುಟ್ಟಿ ಎಳೆದು ಪೇಂಟ್ ಹೊಡೀತೀವಿ, ನಾಲ್ಕೂವರೆ ಸಾವಿರ ಕೊಡಿ” ಎಂದರು. ಇನ್ನೊಬ್ಬರು, “ಹದಿನೈದು ವರ್ಷ ಆಗ್ತಾ ಬಂತಲ್ಲ, ಗೌರ್ಮೆಂಟೇ ಗುಜರಿಗೆ ಹಾಕುತ್ತೆ, ಈಗಲೇ ಕೊಟ್ಟುಬಿಡಿ” ಎಂದು ತಮ್ಮದೇ ಒಂದು ರೇಟು ಹೇಳಿದರು. ಈ ಎರಡು ಮಾತೂ ಸುಳ್ಳು. ನಮ್ಮ ಜಗಳ ಇರುವುದು ಈ ಎರಡು ಮಾತಿನ ಮೇಲೇ.

ನಮ್ಮ ಗೆಳೆಯನೊಬ್ಬ ಲಿಂಗರಾಜಪುರದಲ್ಲಿ ಬಾಡಿಗೆಗಿದ್ದಾನೆ. ಅವನ ಬೀದಿಯ ಕೊನೆಯಲ್ಲಿ ಒಂದು ಟಿಂಕರಿಂಗ್ ಶೆಡ್. ಒಂದು ಭಾನುವಾರ ಓಮ್ನಿ ಹತ್ತಿಸಿಕೊಂಡು ಹೊರಟೆವು. ಹೊಸಕೋಟೆ, ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್, ಬಾಣಸವಾಡಿ ದಾಟಿ ಲಿಂಗರಾಜಪುರ. ಶೆಡ್ ಎಂದರೆ ನಾಲ್ಕು ಶೀಟು, ಒಂದು ಗ್ಯಾಸ್ ಸಿಲಿಂಡರು, ಗೋಡೆಗೆ ಒರಗಿಸಿದ ಹಳೆ ಬಾಗಿಲುಗಳು. ಮೇಸ್ತ್ರಿಗೆ ಅರವತ್ತರ ಆಸುಪಾಸು. ಗಾಡಿ ನೋಡಿದವರೇ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದರು. ಮೇಲ್ಭಾಗದಲ್ಲಿ ಟಕ್ ಅಂತ ಅಂಟಿತು. ಕೆಳಗೆ ತಂದ ಹಾಗೆ ಸಡಿಲವಾಯಿತು. ಕೊನೆಯ ನಾಲ್ಕು ಬೆರಳು ಜಾಗದಲ್ಲಿ ಅಂಟಲೇ ಇಲ್ಲ, ಜಾರಿ ನೆಲಕ್ಕೆ ಬಿತ್ತು.

“ಯಜಮಾನ್ರೇ, ಇಲ್ಲಿ ತಗಡೇ ಇಲ್ಲ. ಬರೀ ಪುಟ್ಟಿ” ಎಂದರು.

ಒಳಗಿನ ಪ್ಯಾಡ್ ಬಿಚ್ಚಿ, ಸ್ಕ್ರೂಡ್ರೈವರ್ ತಗೊಂಡು ಕೆರೆದರು. ಮೊದಲು ಬಣ್ಣ. ಆಮೇಲೆ ಬೆರಳು ದಪ್ಪದ ಪುಟ್ಟಿ. ಅದರ ಹಿಂದೆ ಸೊಳ್ಳೆ ಪರದೆಯ ಜಾಲರಿ, ಅಲ್ಲಲ್ಲಿ ಎಂ-ಸೀಲ್. ಅದಕ್ಕೂ ಹಿಂದೆ ಮಡಚಿ ತುರುಕಿದ ನ್ಯೂಸ್ ಪೇಪರ್. ಕನ್ನಡ ದಿನಪತ್ರಿಕೆಯೇ. ಒಂದು ಪುಟ ಒದ್ದೆಯಾಗದೆ ಉಳಿದಿತ್ತು, ತಾರೀಖು ಓದಬಹುದಿತ್ತು. ಗಾಡಿ ನಮ್ಮೂರಿಗೆ ಬಂದ ದಿನಕ್ಕೆ ಹದಿನೇಳು ದಿನ ಮುಂಚಿನದು.

ನಾವು ಪೇಪರಿಗೆ ಬರೆಯುವವರು ಅಂತ ಗೊತ್ತಾದ ಮೇಲೆ ಮೇಸ್ತ್ರಿ ನಕ್ಕರು. “ನಿಮ್ ಸುದ್ದಿ ಒಳ್ಳೆ ಕೆಲಸಕ್ಕೇ ಬಂದೈತೆ ಬಿಡಿ.” ನಮಗೆ ನಗು ಬರಲಿಲ್ಲ. ಹದಿನೇಳು ದಿನ ಎಂದರೆ, ಮಾರಿದವನಿಗೆ ತೂತು ಇರುವುದು ಗೊತ್ತಿತ್ತು. ಮುಚ್ಚಿಸಿ, ಬಣ್ಣ ಒಣಗಿಸಿ, ಹಳ್ಳಿಯವರು ಬರಲಿ ಎಂದು ಕಾದು ಕೂತಿದ್ದ.

ಬಾಗಿಲು ಹೇಗೆ ತುಕ್ಕು ಹಿಡಿಯುತ್ತದೆ ಎಂದು ತಿಳಿದರೆ ಈ ಮೋಸ ಯಾಕೆ ನಿಲ್ಲುವುದಿಲ್ಲ ಎಂದೂ ತಿಳಿಯುತ್ತದೆ. ಮಳೆ ನೀರು ಬಾಗಿಲಿನ ಹೊರಗೆ ಮಾತ್ರ ಹರಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಲ್ಲ. ಗಾಜು ಇಳಿಯುವ ಸಂದಿನಲ್ಲಿ ಇರುವ ರಬ್ಬರ್ ಬೀಡಿಂಗ್ ಹಳೆಯದಾದಂತೆ ಗಟ್ಟಿಯಾಗಿ ಬಿರಿಯುತ್ತದೆ, ನೀರು ಸೀದಾ ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಕಂಪನಿಯವರಿಗೂ ಇದು ಗೊತ್ತು, ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನಮ್ಮ ರಸ್ತೆಯ ಧೂಳು, ಹುಲ್ಲು, ಎಲೆ ಸೇರಿ ಆ ತೂತು ಕಟ್ಟಿಕೊಳ್ಳುತ್ತವೆ. ಆಗ ಬಾಗಿಲು ಒಂದು ಬಾನಿ ಆಗುತ್ತದೆ. ತಳದಲ್ಲಿ ಹೊರಗಿನ ತಗಡನ್ನು ಒಳಗಿನ ಚೌಕಟ್ಟಿನ ಮೇಲೆ ಮಡಚಿ ಒತ್ತಿರುತ್ತಾರೆ. ಆ ಮಡಿಕೆಯೊಳಗೆ ಸೇರಿದ ನೀರು ಬಿಸಿಲಿಗೂ ಬೇಗ ಒಣಗುವುದಿಲ್ಲ. ತುಕ್ಕು ಶುರುವಾಗುವುದು ಅಲ್ಲಿ, ಒಳಗಿನಿಂದ. ಹೊರಗೆ ಒಂದು ಗುಳ್ಳೆ ಕಂಡಿತು ಎಂದರೆ ಒಳಗೆ ಅದರ ಹತ್ತು ಪಟ್ಟು ಆಗಿದೆ ಎಂದೇ ಲೆಕ್ಕ ಹಿಡಿಯಿರಿ.

ಇದಕ್ಕೆ ನಮ್ಮ ಹಳ್ಳಿಯ ಕೊಡುಗೆಯೂ ಇದೆ, ಮುಚ್ಚಿಡುವುದು ಬೇಡ. ಓಮ್ನಿಯಲ್ಲಿ ಯೂರಿಯಾ ತರುತ್ತೇವೆ, ಪೊಟ್ಯಾಷ್ ತರುತ್ತೇವೆ, ಹಸುವಿಗೆ ಉಪ್ಪು ತರುತ್ತೇವೆ. ಮೂಟೆಯಿಂದ ಉದುರಿದ ಪುಡಿ ಮ್ಯಾಟಿನ ಕೆಳಗೆ, ಸ್ಲೈಡಿಂಗ್ ಬಾಗಿಲಿನ ಹಳಿಯಲ್ಲಿ ಕೂರುತ್ತದೆ. ಅದು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಕಬ್ಬಿಣದ ಪಾಲಿಗೆ ಅದಕ್ಕೂ ಅಡುಗೆ ಉಪ್ಪಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕಾರವಾರ, ಮಂಗಳೂರಿನ ಕಾರುಗಳನ್ನು ಸಮುದ್ರದ ಗಾಳಿ ತಿನ್ನುತ್ತದೆ ಎನ್ನುತ್ತೇವೆ. ಸಮುದ್ರವೇ ಇಲ್ಲದ ಕೋಲಾರದಲ್ಲಿ ಆ ಕೆಲಸವನ್ನು ಗೊಬ್ಬರದ ಮೂಟೆ ಮಾಡುತ್ತದೆ.

ಈಗ ಪುಟ್ಟಿಗೆ ಬರೋಣ. ಪುಟ್ಟಿ ಕೆಟ್ಟ ವಸ್ತುವಲ್ಲ. ಗಟ್ಟಿ ತಗಡಿನ ಮೇಲೆ ಸಣ್ಣ ಏರುತಗ್ಗು ಸಮ ಮಾಡಲು ತೆಳ್ಳಗೆ ಎಳೆಯಬೇಕಾದದ್ದು ಅದು, ಎರಡು ಮಿಲಿಮೀಟರ್ ಸಾಕು. ತೂತು ತುಂಬಲು ಅಲ್ಲ. ಅದಕ್ಕೆ ತೇವ ಹೀರುವ ಗುಣ ಇದೆ. ಹಿಂದಿನಿಂದ ನೀರು ತಾಗುವ ಕಡೆ ಪುಟ್ಟಿ ತುಂಬಿದರೆ, ತುಕ್ಕಿನ ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿದ ಹಾಗೆ. ಹೊರಗೆ ಬಣ್ಣ ಮಿಂಚುತ್ತಿರುವಾಗಲೇ ಒಳಗೆ ತುಕ್ಕು ನೆಮ್ಮದಿಯಾಗಿ ತಿನ್ನುತ್ತಿರುತ್ತದೆ. ಒಂದು ಮಳೆಗಾಲ ತಡೆದರೆ ಹೆಚ್ಚು. ಒಂದು ಮಳೆಗಾಲ ತಡೆಯುವುದೇ ಮಾರುವವನಿಗೆ ಬೇಕಾದದ್ದು ಕೂಡ.

ಮೇಸ್ತ್ರಿ ಮಾಡಿದ ಕೆಲಸ ಹೀಗಿತ್ತು. ಬ್ಯಾಟರಿ ವೈರ್ ಕಳಚಿ, ಎರಡು ಮುಂದಿನ ಬಾಗಿಲನ್ನೂ ಗಾಡಿಯಿಂದ ಬಿಚ್ಚಿ ಹೊರಗೆ ತಂದರು. ಗ್ಯಾಸ್ ಇರುವ ಓಮ್ನಿಗಳೇ ಹೆಚ್ಚು, ಗಾಡಿಯ ಮೇಲೇ ಇಟ್ಟು ವೆಲ್ಡ್ ಮಾಡುವವರು ಜೀವದ ಜೊತೆ ಆಡುತ್ತಾರೆ ಎಂದರು. ಗಾಜು, ಲಾಕು, ಹ್ಯಾಂಡಲ್ ತೆಗೆದು ಒಂದು ಡಬ್ಬಿಗೆ ಹಾಕಿದರು. ಕೊಳೆತ ಭಾಗವನ್ನು ಗ್ರೈಂಡರಿನಲ್ಲಿ ಕತ್ತರಿಸುತ್ತಾ ಹೋದರು. ಎಲ್ಲಿಯವರೆಗೆ? ಬಿಳಿ ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ. ಅಣ್ಣ ಪಕ್ಕದಲ್ಲಿ ನಿಂತು “ಸಾಕು ಮೇಸ್ತ್ರಿ, ಸಾಕು” ಅನ್ನುತ್ತಲೇ ಇದ್ದರು. ಕತ್ತರಿಸಿದಷ್ಟೂ ಖರ್ಚು ಬೆಳೆಯುತ್ತದೆ ಎಂಬ ಭಯ. ಮೇಸ್ತ್ರಿ ನಿಲ್ಲಿಸಲಿಲ್ಲ. ತುಕ್ಕು ಅರ್ಧ ಬಿಟ್ಟು ಬೆಸೆದರೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದರೂ ಪಕ್ಕದಿಂದ ಮತ್ತೆ ತಿನ್ನುತ್ತದೆ.

ಆಮೇಲೆ ಅದೇ ದಪ್ಪದ ಹೊಸ ಶೀಟು ಕತ್ತರಿಸಿ, ಬಾಗಿಲಿನ ಬಾಗಿಗೆ ತಕ್ಕಂತೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದರು. ಅದೇ ದೊಡ್ಡ ಕೆಲಸ. ಅರ್ಧ ದಿನ ಬರೀ ಟಕಟಕ. ಬೆಸುಗೆಗೆ ಸಿಒಟು ವೆಲ್ಡಿಂಗ್, ಅದೂ ಒಂದೇ ಗೆರೆಯಾಗಿ ಎಳೆಯದೆ ಚುಕ್ಕಿ ಚುಕ್ಕಿ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡುವುದು. ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಒಂದೇ ಕಡೆ ಶಾಖ ಕೊಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಊರಲ್ಲಿ ಗೇಟು, ಗ್ರಿಲ್ಲು ಮಾಡುವವರ ಹತ್ತಿರ ಬಾಗಿಲು ತಗೊಂಡು ಹೋಗಬೇಡಿ ಎನ್ನುವುದು ಇದಕ್ಕೇ. ಅವರ ಕಡ್ಡಿ ವೆಲ್ಡಿಂಗ್ ಗೇಟಿಗೆ ಸರಿ, ಕಾರಿನ ತಗಡಿಗೆ ಹಿಡಿದರೆ ಇದ್ದ ತೂತು ದೊಡ್ಡದಾಗುತ್ತದೆ.

ಬೆಸುಗೆ ಉಜ್ಜಿ, ಎರಡೂ ಕಡೆ ಎಪಾಕ್ಸಿ ಪ್ರೈಮರ್ ಹೊಡೆದರು. ಒಳಗಡೆಗೂ, ಅದು ಮುಖ್ಯ. ಮಡಿಕೆಗೆ ಸೀಲರ್ ಎಳೆದರು. ನೀರಿನ ತೂತುಗಳನ್ನು ತಂತಿ ಹಾಕಿ ಬಿಡಿಸಿದರು. ಹೊಸ ಬೀಡಿಂಗ್ ಹಾಕಿದರು. ಎಲ್ಲ ಮುಗಿದ ಮೇಲೆ ಒಂದು ಚೊಂಬು ನೀರು ತರಿಸಿ ಗಾಜಿನ ಮೇಲೆ ಸುರಿದು, ಕೆಳಗಿನ ತೂತಿನಿಂದ ಬರುತ್ತದಾ ಎಂದು ಬಗ್ಗಿ ನೋಡಿದರು. ಬಂತು.

ಎರಡು ಬಾಗಿಲಿಗೆ ನಾಲ್ಕು ದಿನ, ಒಂಬತ್ತು ಸಾವಿರ ರೂಪಾಯಿ. ಪೇಂಟ್ ಇದರಲ್ಲಿ ಸೇರಿಲ್ಲ.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳುತ್ತಾರೆ ಎಂದು ಗೊತ್ತು. ಪುಟ್ಟಿಗೆ ನಾಲ್ಕೂವರೆ ಸಾವಿರ, ಇದಕ್ಕೆ ಒಂಬತ್ತು. ಬಡವನಿಗೆ ಪುಟ್ಟಿಯೇ ಗತಿಯಲ್ಲವೇ? ಈ ಮಾತನ್ನು ನಾವು ಗೌರವದಿಂದಲೇ ಕೇಳಿಸಿಕೊಳ್ಳುತ್ತೇವೆ, ಆದರೆ ಒಪ್ಪುವುದಿಲ್ಲ. ಪುಟ್ಟಿ ಪ್ರತಿ ವರ್ಷ ನಾಲ್ಕೂವರೆ ಸಾವಿರ ಕೇಳುತ್ತದೆ, ಪ್ರತಿ ಸಲ ಬಾಗಿಲಲ್ಲಿ ತಗಡು ಕಡಿಮೆಯಾಗಿರುತ್ತದೆ. ದುಡ್ಡು ಕಡಿಮೆ ಇದ್ದರೆ ಉಳಿಸಬೇಕಾದದ್ದು ಬಣ್ಣದಲ್ಲಿ, ಬೆಸುಗೆಯಲ್ಲಿ ಅಲ್ಲ. ಕತ್ತರಿಸಿ, ಬೆಸೆದು, ಪ್ರೈಮರ್ ಹೊಡೆಸಿ, ಮೇಲೆ ಸಾದಾ ಎನಾಮಲ್ ಅನ್ನು ಬ್ರಷ್ಷಿನಲ್ಲಿ ನೀವೇ ಬಳಿಯಿರಿ. ಅಂದ ಕಾಣಲ್ಲ. ಕಾಣದಿದ್ದರೆ ಏನಂತೆ? ಬರೀ ಪ್ರೈಮರಲ್ಲಿ ಮಾತ್ರ ಬಿಡಬೇಡಿ, ಸಾಮಾನ್ಯ ಪ್ರೈಮರ್ ಕೂಡ ತೇವ ಒಳಗೆ ಬಿಡುತ್ತದೆ. ಅದೂ ಆಗದಿದ್ದರೆ ಶಿವಾಜಿನಗರದ ಗುಜರಿ ಕಡೆ ವಿಚಾರಿಸಿ. ನಿಮ್ಮದೇ ಮಾಡೆಲಿನ ಗಟ್ಟಿ ಹಳೆ ಬಾಗಿಲು ಸಿಕ್ಕರೆ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ. ಆದರೆ ಅಲ್ಲಿಗೂ ಅಯಸ್ಕಾಂತ ತಗೊಂಡೇ ಹೋಗಿ, ಅಲ್ಲಿನ ಬಾಗಿಲಿಗೂ ಬಣ್ಣ ಹೊಡೆದಿರುತ್ತಾರೆ.

ನಮ್ಮ ಭಾಷೆಯಲ್ಲಿ ‘ತೇಪೆ ಹಚ್ಚುವುದು’ ಎಂದರೆ ಬೈಗುಳ. ಸರ್ಕಾರ ರಸ್ತೆಗೆ ತೇಪೆ ಹಚ್ಚಿತು ಎಂದು ನಾವೂ ಎಷ್ಟೋ ಸಲ ಬರೆದಿದ್ದೇವೆ. ಮನೆಯಲ್ಲಿ ಅಜ್ಜಿ ಹರಿದ ಕಂಬಳಿಗೆ ಹಾಕುತ್ತಿದ್ದ ತೇಪೆ ನೆನಪಿಸಿಕೊಳ್ಳಿ. ಹರಿದ ಅಂಚು ಮಡಚಿ, ಗಟ್ಟಿ ಬಟ್ಟೆಗೆ ಸೇರಿಸಿ ಹೊಲಿಯುತ್ತಿದ್ದರು. ತೇಪೆ ಎಲ್ಲರಿಗೂ ಕಾಣುತ್ತಿತ್ತು, ಕಂಬಳಿ ಇನ್ನೂ ಹತ್ತು ಚಳಿಗಾಲ ಬರುತ್ತಿತ್ತು. ನಮಗೆ ಆಗದಿರುವುದು ಹರಿದದ್ದೇ ಕಾಣದ ಹಾಗೆ ಅಂಟು ಬಳಿದು ಮಾರುವುದು. ಕಾರಿನ ಬಾಗಿಲ ಮೇಲೆ ಬೆಸುಗೆಯ ಗುರುತು ಕಂಡರೆ ನಾಚಿಕೆ ಪಡುವ ನಮ್ಮ ಜನರ ಮೇಲೂ ನಮಗೆ ಸಿಟ್ಟಿದೆ. ಹೊಳಪು ಕೇಳುವವರು ಇರುವ ತನಕ ಹೊಳಪು ಮಾರುವವರು ಇರುತ್ತಾರೆ. ನಾಲ್ಕು ದಿನ ಸುತ್ತಿಗೆ ಹಿಡಿದ ಮೇಸ್ತ್ರಿಯ ಜೊತೆ ಐನೂರಕ್ಕೆ ಚೌಕಾಶಿ ಮಾಡುವವರೇ, ಪೇಂಟಿನವನಿಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬರುತ್ತಾರೆ.

ಇನ್ನು ಎರಡನೇ ಸುಳ್ಳು: ಹದಿನೈದು ವರ್ಷವಾದ ಕಾರನ್ನು ಸರ್ಕಾರ ಗುಜರಿಗೆ ಹಾಕುತ್ತದೆ. ಈ ಸುಳ್ಳಿನಲ್ಲಿ ನಮ್ಮ ವೃತ್ತಿಯ ಪಾಲು ದೊಡ್ಡದು. 2021ರ ಆಗಸ್ಟ್ 13ರಂದು ಪ್ರಧಾನಿ ಗುಜರಿ ನೀತಿಯನ್ನು ಪ್ರಕಟಿಸಿದಾಗ ‘15 ವರ್ಷದ ಕಾರು ಇನ್ನು ಗುಜರಿಗೆ’ ಎಂಬ ಧಾಟಿಯ ತಲೆಬರಹ ನಾವೂ ಕೊಟ್ಟೆವು, ಒಳಗಿನ ಸಾಲು ಯಾರೂ ಓದಲಿಲ್ಲ. ದಲ್ಲಾಳಿಗಳು ಓದಿದರು. ಆ ತಲೆಬರಹ ತೋರಿಸಿ ಹೆದರಿಸಿ ಚೆನ್ನಾಗಿದ್ದ ಗಾಡಿಗಳನ್ನು ಕಡಿಮೆಗೆ ಎತ್ತಿದರು, ಪುಟ್ಟಿ ಹಾಕಿ ಇನ್ನೊಂದು ತಾಲ್ಲೂಕಿನಲ್ಲಿ ಹೆಚ್ಚಿಗೆ ಮಾರಿದರು.

ಕಾನೂನು ಹೇಳುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ಓಡಿಸಲು ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಣ. 15 ವರ್ಷ ದಾಟಿದ್ದನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕಾದದ್ದು ಸರ್ಕಾರಿ ಇಲಾಖೆಗಳ ಗಾಡಿಗಳಿಗೆ, 2023ರ ಏಪ್ರಿಲ್ 1ರಿಂದ. ಪೆಟ್ರೋಲಿಗೆ 15, ಡೀಸೆಲ್ಲಿಗೆ 10 ವರ್ಷ ಎಂಬ ಸುಪ್ರೀಂ ಕೋರ್ಟಿನ 2018ರ ಆದೇಶ ದೆಹಲಿ ಮತ್ತು ಅದರ ಸುತ್ತಲ ಪ್ರದೇಶಕ್ಕೆ ಸಂಬಂಧಿಸಿದ್ದು, ಕೋಲಾರಕ್ಕಲ್ಲ.

ಹಾಗಂತ ಸರ್ಕಾರ ಸುಮ್ಮನಿದೆ ಎಂದಲ್ಲ. ಕಾರಿನ ಮರುನೋಂದಣಿ ಫೀಸು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ನಮ್ಮ ತಕರಾರು ಇದು: ವಯಸ್ಸು ನೋಡಿ ಫೀಸು ಏರಿಸುವುದು ಸುಲಭ, ಗಟ್ಟಿತನ ನೋಡುವುದು ಕಷ್ಟ, ಸರ್ಕಾರ ಸುಲಭದ್ದನ್ನು ಆರಿಸಿಕೊಂಡಿದೆ. ಹನ್ನೆರಡು ವರ್ಷದ ಕೊಳೆತ ಕಾರು ಬಣ್ಣ ಬಳಿದುಕೊಂಡು ರಾಜಾರೋಷವಾಗಿ ಓಡುತ್ತದೆ. ಇಪ್ಪತ್ತೊಂದು ವರ್ಷ ಜೋಪಾನ ಮಾಡಿದ ಮಾರುತಿ 800ರ ಮಾಲೀಕ ಹತ್ತು ಸಾವಿರ ಕಟ್ಟಬೇಕು. ಆರ್‌ಟಿಒ ಇನ್‌ಸ್ಪೆಕ್ಟರು ಬಾಗಿಲ ಪ್ಯಾಡ್ ಬಿಚ್ಚಿ ನೋಡುವುದಿಲ್ಲ. ನೋಡಬೇಕಾದವರು ನೀವೇ.

ಹಾಗಾಗಿ ಹಳೆ ಕಾರು ನೋಡಲು ಹೋದಾಗ ಬಾನೆಟ್ಟಿಗಿಂತ ಮೊದಲು ಬಾಗಿಲು ತೆರೆಯಿರಿ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೇಲಿನಿಂದ ಕೆಳಗೆ ಎಳೆಯಿರಿ. ಬಾಗಿಲಿನ ತಳದ ಅಂಚಿಗೆ ಬೆರಳು ಹಚ್ಚಿ, ಮಡಿಕೆ ಚೂಪಾಗಿ ನೇರವಾಗಿರಬೇಕು. ಉಬ್ಬು, ಮೆತ್ತಗಿನ ಜಾಗ ಸಿಕ್ಕರೆ ಅನುಮಾನ ಪಡಿ. ನೀರಿನ ತೂತುಗಳನ್ನು ಹುಡುಕಿ, ಅವೇ ಕಾಣದಿದ್ದರೆ ಯಾರೋ ಬಣ್ಣದ ಜೊತೆ ಮುಚ್ಚಿದ್ದಾರೆ. ಬಾಗಿಲು ಕೆಟ್ಟಿದ್ದರೆ ಹೆದರಬೇಡಿ, ಅದು ಬಿಚ್ಚುವ ವಸ್ತು, ರೇಟು ಇಳಿಸಿ ತಗೊಳ್ಳಬಹುದು. ಬಾಗಿಲಿನ ಹಿಂಜ್ ಕೂರುವ ಕಂಬ ಮತ್ತು ಅದರ ಕೆಳಗಿನ ರನ್ನಿಂಗ್ ಬೋರ್ಡ್ ಕೊಳೆತಿದ್ದರೆ ಮಾತ್ರ ಎದ್ದು ಬನ್ನಿ. ಅಪಘಾತದಲ್ಲಿ ನಿಮ್ಮನ್ನು ಕಾಯುವುದರಲ್ಲಿ ಅವೆರಡೂ ಮುಖ್ಯ, ಅವನ್ನು ಸರಿ ಮಾಡಿಸುವ ಖರ್ಚಿಗೆ ಇನ್ನೊಂದು ಗಾಡಿ ಬರುತ್ತದೆ. ಬೆಂಗಳೂರಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿನಲ್ಲಿ ನೀರು ನಿಂತಾಗ ಮುಳುಗಿದ ಕಾರುಗಳು ಎಲ್ಲಿಗೋ ಹೋಗಲೇಬೇಕಲ್ಲ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಹಳೆ ಕಾರು ವ್ಯಾಪಾರ ಮಾಡುವ ಡೀಲರ್ 2023ರ ಏಪ್ರಿಲ್‌ನಿಂದ ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದಿರಬೇಕು, ಕೇಳಿ ನೋಡಿ. ಅಡ್ವಾನ್ಸ್ ಕೊಡುವಾಗಲೇ ‘ಬಾಡಿಯಲ್ಲಿ ತುಕ್ಕಿನ ತೂತು ಇಲ್ಲ’ ಎಂದು ಒಂದು ಸಾಲು ಬರೆಸಿಕೊಳ್ಳಿ, ಬರೆಯಲು ಹಿಂದೆಗೆದರೆ ಅದೇ ಉತ್ತರ. ಡೀಲರ್ ಮೋಸ ಮಾಡಿದರೆ, ದುಡ್ಡು ತಗೊಂಡ ಗ್ಯಾರೇಜು ಕೆಲಸ ಕೆಡಿಸಿದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ದುಡ್ಡು ಐದು ಲಕ್ಷದವರೆಗೆ ಇದ್ದರೆ ಫೀಸು ಇಲ್ಲ. ಸ್ವಂತ ಗಾಡಿ ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಅಲ್ಲಿ ದೂರು ನಿಲ್ಲುವುದಿಲ್ಲ. ನಮ್ಮ ಅಣ್ಣ ಸಿಕ್ಕಿಬಿದ್ದದ್ದು ಅಲ್ಲೇ, ಕಾಗದದಲ್ಲಿ ಮಾರಿದವನು ಆರ್‌ಸಿ ಮಾಲೀಕ, ದುಡ್ಡು ಎಣಿಸಿಕೊಂಡವನು ದಲ್ಲಾಳಿ. ಗ್ಯಾರೇಜಿಗೆ ಕೊಟ್ಟಾಗಲೂ ಪ್ಯಾಡ್ ಮುಚ್ಚುವ ಮೊದಲು ಒಳಗಿನ ಬೆಸುಗೆಯ ಫೋಟೊ ವಾಟ್ಸಾಪಿಗೆ ಕಳಿಸಲು ಹೇಳಿ. ಒಳ್ಳೆ ಮೇಸ್ತ್ರಿ ಕೇಳುವ ಮೊದಲೇ ಕಳಿಸುತ್ತಾರೆ.

ಓಮ್ನಿ ಈಗ ಊರಲ್ಲೇ ಇದೆ. ಬಾಗಿಲಿಗೆ ಅಣ್ಣನ ಮಗ ಬ್ರಷ್ಷಿನಲ್ಲಿ ಬಿಳಿ ಬಣ್ಣ ಬಳಿದಿದ್ದಾನೆ. ಗಾಡಿಯ ಬಿಳಿ ಒಂದು, ಬಾಗಿಲಿನ ಬಿಳಿ ಇನ್ನೊಂದು, ಬ್ರಷ್ಷಿನ ಗೆರೆ ದೂರದಿಂದಲೇ ಕಾಣುತ್ತದೆ. ಮರುನೋಂದಣಿಗೆ ಅರ್ಜಿ ಹಾಕುವ ತಯಾರಿ ನಡೆದಿದೆ. ಗೊಬ್ಬರದ ಮೂಟೆ ತರುವ ದಿನ ಅತ್ತಿಗೆ ಮೊದಲು ಟಾರ್ಪಾಲ್ ಹಾಸುತ್ತಾರೆ, ಇಳಿಸಿದ ಮೇಲೆ ಗುಡಿಸುತ್ತಾರೆ. ಮೊನ್ನೆ ಹೋದಾಗ ಹುಡುಗ ಪೊರಕೆಕಡ್ಡಿ ಹಿಡಿದು ಬಾಗಿಲಿನ ಕೆಳಗೆ ಮಲಗಿ ತೂತು ಬಿಡಿಸುತ್ತಿದ್ದ. ಸಂಘಕ್ಕೆ ಇನ್ನೂ ಹನ್ನೊಂದು ಕಂತು ಬಾಕಿ.